ಮೇಲಕ್ಕೆ ಹೋದ ಫೋನು

ಹಳೆಯ ಫೋನು ಕೊಳ್ಳಲು ಬರುವವರು ಮೊದಲು ಕ್ಯಾಮೆರಾ ತೆರೆದು ತಮ್ಮ ಮುಖವನ್ನೇ ನೋಡಿಕೊಳ್ಳುತ್ತಾರೆ. ಅದು ತಪ್ಪು. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿಯಲ್ಲಿ ಫೋನಿನ ಕವರ್ ಮಾರಿಕೊಂಡಿದ್ದು, ಆಮೇಲೆ ಮೆಟ್ಟಿಲ ಕೆಳಗಿನ ಗೂಡಂಗಡಿ ಹಿಡಿದು, ಈಗ ಶಟರ್ ಇರುವ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಫೋನುಗಳ ವ್ಯಾಪಾರ ಮಾಡುತ್ತಿರುವ ನನ್ನ ಮಾತು ಕೇಳುವುದಾದರೆ, ಮೊದಲು ಚಾರ್ಜರ್ ಚುಚ್ಚಿ ಪಿನ್ನನ್ನು ಅಲುಗಾಡಿಸಿ ನೋಡಿ. ಆಮೇಲೆ ಫೋನನ್ನು ಗಾಜಿನ ಮೇಲೆ ಮಲಗಿಸಿ. ಅದು ತೊಟ್ಟಿಲಿನ ಹಾಗೆ ತೂಗಿದರೆ ಒಳಗೆ ಬ್ಯಾಟರಿ ಉಬ್ಬಿದೆ ಎಂದು ತಿಳಿಯಿರಿ. ಮಾರುವವನು ಅವಸರದಲ್ಲಿದ್ದರೆ ನೀವು ಟೀ ತರಿಸಿ. ಟೀ ಮುಗಿಯುವುದರೊಳಗೆ ಅವನೇ ಇಳಿಯುತ್ತಾನೆ.

ಇಷ್ಟು ವರ್ಷದ ವ್ಯಾಪಾರದಲ್ಲಿ ಕಂಪಾಸು ನೋಡಿ ಫೋನು ಆರಿಸಿದವನು ಒಬ್ಬನೇ. ಅವನು ನನ್ನ ಅಕ್ಕನ ಮಗ. ಸೈನ್ಯದಲ್ಲಿದ್ದಾನೆ. ಅಕ್ಕನನ್ನು ಕೊಟ್ಟಿರುವುದು ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಸಾದಲಿ ಹತ್ತಿರದ ಒಂದು ಹಳ್ಳಿಗೆ. ಅವಳು, ಭಾವ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಇವಿಷ್ಟೇ ಆ ಮನೆ. ಹುಡುಗ ರಜೆಗೆ ಬಂದಾಗ ಊರಿಗೆ ಹೋಗುವ ಮುಂಚೆ ನನ್ನ ಅಂಗಡಿಯಲ್ಲಿ ಬ್ಯಾಗು ಇಳಿಸುತ್ತಾನೆ. ಆ ಸಲವೂ ಹಾಗೇ ಬಂದು ಸ್ಟೂಲ್ ಎಳೆದುಕೊಂಡು ಕೂತ.

"ಮಾವ, ಒಂದು ಫೋನು ಬೇಕು. ಸಿಮ್ ಹಾಕಲ್ಲ."

"ಸಿಮ್ ಹಾಕ್ದೆ ಇನ್ನೇನು ಉಪ್ಪಿನಕಾಯಿ ಹಾಕ್ತೀಯೇನೋ?"

"ದಾರಿ ನೋಡಕ್ಕೆ ಮಾವ. ಕ್ಯಾಮೆರಾ ಚೆನ್ನಾಗಿಲ್ದೆ ಇದ್ರೂ ಪರವಾಗಿಲ್ಲ. ಕಂಪಾಸು ಸರಿಯಾಗಿರ್ಬೇಕು, ಬ್ಯಾಟರಿ ಗಟ್ಟಿ ಇರ್ಬೇಕು, ಮೈ ದಪ್ಪ ಇರ್ಬೇಕು."

ಎಲ್ಲಿದ್ದೀಯ ಎಂದು ಅವನನ್ನು ಕೇಳುವಂತಿಲ್ಲ, ಕೇಳಿದರೂ ಹೇಳುವುದಿಲ್ಲ. ಹೇಳಿದ್ದಿಷ್ಟು. ಅವನಿರುವ ಕಡೆ ಹಿಮ ಬೀಳುತ್ತದೆ. ನಿನ್ನೆ ನಡೆದ ದಾರಿ ಇವತ್ತು ಇರುವುದಿಲ್ಲ. ಮಂಜು ಮುಚ್ಚಿಕೊಂಡರೆ ಮುಂದೆ ನಡೆಯುವವನ ಬೆನ್ನೂ ಕಾಣುವುದಿಲ್ಲ, "ಸುಣ್ಣದ ಡಬ್ಬದೊಳಗೆ ತಲೆ ಇಟ್ಟಂಗೆ ಇರ್ತದೆ" ಎಂದ. ಅದಕ್ಕೆಂದೇ ಒಂದು ಆ್ಯಪ್ ಇದೆ. ನಕ್ಷೆಯನ್ನು ಮೊದಲೇ ತುಂಬಿಸಿಟ್ಟಿರುತ್ತಾರೆ, ಅದಕ್ಕೆ ಇಂಟರ್ನೆಟ್ಟೂ ಬೇಡ, ಟವರೂ ಬೇಡ, ಆಕಾಶದಿಂದ ಬರುವ ಸಿಗ್ನಲ್ ಸಾಕು. ನಡೆಯುತ್ತಾ ಹೋದ ಹಾಗೆ ಹಿಂದೆ ಗೆರೆ ಎಳೆಯುತ್ತಾ ಬರುತ್ತದೆ. ವಾಪಸು ಬರುವಾಗ ಅದೇ ಗೆರೆಯ ಮೇಲೆ ಹೆಜ್ಜೆ ಇಟ್ಟುಕೊಂಡು ಬರಬೇಕು. ಸರ್ಕಾರದ ಉಪಕರಣವೂ ಇದೆ, ಆದರೆ ತಂಡಕ್ಕೊಂದು. ಎರಡನೆಯದಾಗಿ ಒಂದು ಫೋನು ಇರಲಿ ಎಂದು ಮುಂದೆ ನಡೆಯುವವರಿಗೆ ಒಪ್ಪಿಗೆ ಕೊಟ್ಟಿದ್ದಾರೆ. ಫೋನನ್ನು ಆಫೀಸಿನವರ ಕೈಗೆ ಕೊಟ್ಟರೆ ಬಿಚ್ಚಿ ಪರೀಕ್ಷೆ ಮಾಡಿ, ಒಳಗಿರುವುದನ್ನೆಲ್ಲ ಒರೆಸಿ, ಆ ಆ್ಯಪ್ ಒಂದನ್ನು ಹಾಕಿ ಕೊಡುತ್ತಾರೆ.

"ಗ್ಲೌಸ್ ಹಾಕ್ಕೊಂಡು ಸ್ಕ್ರೀನ್ ಹೆಂಗೋ ಒತ್ತೋದು?" ಎಂದು ಕೇಳಿದೆ. ಅದು ನನ್ನ ಕಸುಬಿನ ಪ್ರಶ್ನೆ.

"ಮೂಗಲ್ಲಿ" ಎಂದ. ತಮಾಷೆ ಎಂದುಕೊಂಡೆ. ಅಲ್ಲವಂತೆ.

ಅಂಥ ಫೋನು ನನ್ನ ಶೋಕೇಸಿನಲ್ಲಿ ಇರಲಿಲ್ಲ. ಅವನ ರಜೆ ಮುಗಿಯುವುದರೊಳಗೆ ಸಿಕ್ಕಿತು. ಗೌರಿಬಿದನೂರಿನ ಕುಡುಮಲಕುಂಟೆ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವವನೊಬ್ಬ ಸುತ್ತಲೂ ರಬ್ಬರು ಹೊದಿಸಿದ ದಪ್ಪ ಫೋನೊಂದನ್ನು ತಂದು ಗಾಜಿನ ಮೇಲೆ ಇಟ್ಟ.

"ಹೆಂಡ್ತಿ ಇದನ್ನ ಇಟ್ಟಿಗೆ ಅಂತಾಳೆ ಸಾರ್. ಆದ್ರೆ ಬಿದ್ರೂ ಒಡಿಯಲ್ಲ."

"ಅದೇ ನನ್ ತೊಂದ್ರೆ. ಎಲ್ರ ಫೋನೂ ಒಡೀದೇ ಇದ್ರೆ ನನ್ನ ರಿಪೇರಿ ಅಂಗಡಿ ಏನಾಗ್ಬೇಕಪ್ಪ?"

"ನೀವೇ ಒಂದು ರೇಟು ಹೇಳಿ ಸಾರ್."

"ನಿನ್ ಹೆಂಡ್ತಿ ಹೇಳೋ ರೇಟು ಹೇಳು. ಇಟ್ಟಿಗೆ ರೇಟು."

ನಗಿಸಿದವನು ಅರ್ಧ ಗೆದ್ದ ಹಾಗೆ. ಟೀ ಬಂತು, ಫೋನು ಉಳಿಯಿತು.

ಹುಡುಗ ಅದನ್ನು ಕೈಯಲ್ಲಿ ಹಿಡಿದು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಹಾಗೆ ಸುತ್ತಿಸಿದ. ಕಂಪಾಸು ದಿಕ್ಕು ತಪ್ಪಿದ್ದರೆ ಹಾಗೆ ಸುತ್ತಿಸಿದಾಗ ಸರಿಹೋಗುತ್ತದೆ. ಎದುರಿನ ಆಟೋ ಸ್ಟ್ಯಾಂಡಿನವರು ನೋಡಿ, ಅಂಗಡಿಯವನಿಗೆ ದೃಷ್ಟಿ ತೆಗೀತಾವ್ನೆ ಎಂದರು. ನಾನು ಫೋನನ್ನು ಪಕ್ಕದ ಬೇಕರಿಯ ಐಸ್‌ಕ್ರೀಮ್ ಡಬ್ಬದಲ್ಲಿ ಇಟ್ಟು ಬಂದೆ. "ನಿನ್ ಫೋನಿಗೇನು ಸೆಕೆ ಆಯ್ತೇನಣ್ಣ?" ಎಂದ ಬೇಕರಿಯವನು. "ಮಿಲ್ಟ್ರಿಗೆ ಸೇರ್ತಾ ಇದೆ, ಟ್ರೈನಿಂಗು" ಎಂದೆ. ಹಳೆಯ ಬ್ಯಾಟರಿ ಕಪ್ ಐಸ್‌ಕ್ರೀಮುಗಳ ನಡುವೆ ಸ್ವಲ್ಪ ಹೊತ್ತಿಗೇ ಸತ್ತುಹೋಯಿತು. ಹೊಸದು ಹಾಕಿ ಮತ್ತೆ ಇಟ್ಟೆ. ಅದು ಮಧ್ಯಾಹ್ನದವರೆಗೂ ಉಸಿರು ಹಿಡಿದು ಕೂತಿತ್ತು. ಚಳಿ ಊರುಗಳಿಗೆ ಹೋಗುವವರು ಇದನ್ನು ತಿಳಿದಿರಬೇಕು. ಚಳಿಯಲ್ಲಿ ಮೊದಲು ಸಾಯುವುದು ಬ್ಯಾಟರಿ. ಫೋನನ್ನು ಕೋಟಿನ ಹೊರಜೇಬಿನಲ್ಲಿ ಇಡಬೇಡಿ, ಬನಿಯನ್ನಿಗೂ ಶರ್ಟಿಗೂ ನಡುವೆ ಮೈಗೆ ತಾಗುವ ಹಾಗೆ ಇಟ್ಟುಕೊಳ್ಳಿ.

ಭಾನುವಾರ ಅಂಗಡಿ ಮುಚ್ಚಿ ನಾನೂ ಊರಿಗೆ ಹೋದೆ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ನಮ್ಮಂಥವರಿಗೆ ಸಿಗುವ ಮಾಮೂಲಿ ಮ್ಯಾಪೊಂದನ್ನು ತುಂಬಿಸಿ, ಮನೆಯಿಂದ ಹೊರಟು ತೋಟ ದಾಟಿ ಬಂಡೆಯವರೆಗೆ ಗೆರೆ ಎಳೆಸಿಕೊಂಡು ಹೋದೆವು. ಬರುವಾಗ ಅವನು ಭಾವನ ಟವೆಲನ್ನು ತಲೆಯ ಮೇಲಿಂದ ಇಳಿಬಿಟ್ಟು, ಒಳಗೆ ಸ್ಕ್ರೀನ್ ಒಂದನ್ನೇ ನೋಡಿಕೊಂಡು ನಡೆದ. ಮಂಜು ಮುಚ್ಚಿದರೆ ಹೀಗೇ ಇರುತ್ತದಂತೆ. ಬಾವಿಗೋ ಹಳ್ಳಕ್ಕೋ ಬೀಳದಿರಲಿ ಎಂದು ನಾನು ಪಕ್ಕದಲ್ಲಿ ನಡೆದೆ. ಪಕ್ಕದ ತೋಟದ ದೊಡ್ಡಮ್ಮ ಸೊಪ್ಪು ಕೊಯ್ಯುವುದನ್ನು ನಿಲ್ಲಿಸಿ ಸೊಂಟದ ಮೇಲೆ ಕೈ ಇಟ್ಟಳು. ಅವಳ ಬಾಯಿಗೆ ಹೆದರದವರು ಆ ಊರಿನಲ್ಲಿಲ್ಲ.

"ಏನಪ್ಪಾ ಮಿಲ್ಟ್ರಿ, ಮದ್ವೆ ಹೆಣ್ಣಿನಂಗೆ ಮುಸುಕು ಹಾಕ್ಕೊಂಡಿದ್ದೀಯ? ಗಂಡಿನ ಕಡೇವ್ರು ಬಂದವ್ರಾ?"

"ದಾರಿ ನೋಡ್ತಾ ಇದೀನಿ ದೊಡ್ಡಮ್ಮಾ" ಎಂದಿತು ಟವೆಲು.

"ಹುಟ್ಟಿದ್ ಮನೆಗೂ ದಾರಿ ನೋಡ್ಬೇಕೇನೋ? ಅಂಗಾದ್ರೆ ನಮ್ ದೇಶ ಯಾರು ಕಾಯ್ತಾರಪ್ಪಾ?"

ಬದುಗಳನ್ನೆಲ್ಲ ಸರಿಯಾಗಿ ದಾಟಿದ. ಬಾಗಿಲು ಇನ್ನೇನು ಬಂತು ಎನ್ನುವಾಗ ಎರಡು ಕಾಲನ್ನೂ ತಿಪ್ಪೆಯೊಳಗೆ ಇಟ್ಟ. ದೊಡ್ಡಮ್ಮನಿಗೆ ನಕ್ಕು ನಕ್ಕು ಕೆಮ್ಮು ಬಂತು.

"ಐದಾರು ಮಾರು ಆಚೆ ಈಚೆ ಆಗ್ತದೆ ಮಾವ. ಫೋನಿನ ತಪ್ಪಲ್ಲ, ಎಲ್ಲಾದ್ರಲ್ಲೂ ಆಗ್ತದೆ."

"ಇಲ್ಲಿ ಐದಾರು ಮಾರಿಗೆ ತಿಪ್ಪೆ ಇದೆ. ಅಲ್ಲೇನಿದೆ?"

ಅವನು ಕಲ್ಲಿಗೆ ಕಾಲು ಉಜ್ಜುತ್ತಿದ್ದ. ಅಕ್ಕ ಹೊಸಿಲ ಮೇಲೆ ನಿಂತು ಚೊಂಬಿನಿಂದ ನೀರು ಹಾಕುತ್ತಿದ್ದಳು. ನಾನು ಕೇಳಿದ್ದು ಅವಳಿಗೂ ಕೇಳಿಸಿತ್ತು.

ರಜೆ ಮುಗಿದು ಅವನು ಹೊರಟ. ಇಟ್ಟಿಗೆ ಫೋನು ಬ್ಯಾಗಿನೊಳಗೆ, ಮಾತಾಡುವ ಫೋನು ಜೇಬಿನಲ್ಲಿ. ಅವನ ಜೊತೆಯಲ್ಲಿ ಒಬ್ಬ ಗೆಳೆಯನಿದ್ದಾನೆ, ಗೌರಿಬಿದನೂರು ದಾಟಿ ಆಂಧ್ರದ ಗಡಿಗೆ ಕಾಲಿಟ್ಟರೆ ಸಿಗುವ ಊರಿನವನು. ಅಷ್ಟು ದೂರದ ಹಿಮದಲ್ಲಿ ನಮ್ಮ ಸೀಮೆಯ ಮಾತು ಕೇಳಿ ಇಬ್ಬರೂ ಗಂಟು ಬಿದ್ದಿದ್ದರು. ಅವನು ಮಾತಾಡುವುದು ತೆಲುಗು, ನಡುನಡುವೆ ಕನ್ನಡ. ನಮ್ಮ ಹುಡುಗನದು ಕನ್ನಡ, ನಡುನಡುವೆ ತೆಲುಗು. ನನಗೆ ಎರಡೂ ಒಂದೇ. ಚಿಂತಾಮಣಿ ಕಡೆಯಿಂದ ಬರುವ ಗಿರಾಕಿಗಳಲ್ಲಿ ಅರ್ಧ ಜನ ತೆಲುಗಿನಲ್ಲೇ ಚೌಕಾಸಿ ಮಾಡುತ್ತಾರೆ. ಅವರ ಭಾಷೆಯಲ್ಲೇ ಇಲ್ಲ ಎಂದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಇದನ್ನೂ ಕಲಿತುಕೊಳ್ಳಿ.

ಮುಂದಿನದನ್ನು ಹೇಳುವ ಮೊದಲು ಹುಳದ ವಿಷಯ ಹೇಳಬೇಕು. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಎದ್ದ ಹುಳ ಸೊಪ್ಪು ತಿಂದು ತಿಂದು ಒಂದು ದಿನ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ದ್ರಾಕ್ಷಿಯ ಹಾಗೆ ಪಾರದರ್ಶಕವಾಗುತ್ತದೆ, ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಹುಳ ಹಣ್ಣಾಯಿತು ಎನ್ನುವುದು ಅದಕ್ಕೇ. ಹಣ್ಣಾದ ಹುಳವನ್ನು ಅದೇ ಹೊತ್ತಿಗೆ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಬಿದಿರಿನಲ್ಲಿ ಹೆಣೆದ ತಟ್ಟಿಗೆ, ಬಿಡಬೇಕು. ತಡವಾದರೆ ನೂಲನ್ನು ಎಲ್ಲೆಂದರಲ್ಲಿ ಸುರಿದುಬಿಡುತ್ತದೆ, ಬೆಳೆ ಹೋದಂತೆ. ಅದಕ್ಕೇ ಆ ದಿನ ನೆಂಟರು, ನೆರೆಯವರು, ಕೆಲಸಕ್ಕೆ ಕೆಲಸ ಕೊಡುವ ಮುಯ್ಯಾಳುಗಳು ಎಲ್ಲರೂ ಬಂದು ಕೈ ಹಾಕುತ್ತಾರೆ. ನಾನೂ ಶಟರ್ ಎಳೆದು ಹೋಗುತ್ತೇನೆ.

ಹುಳ ಸಾಕುವ ಹುಳುಮನೆಗೆ ಒಂದು ಕಟ್ಟುಪಾಡು ಇದೆ. ಸಾವಿನ ಸೂತಕ ಇರುವವರು ಅದರ ಹೊಸಿಲು ತುಳಿಯುವಂತಿಲ್ಲ, ಹುಳ ಮುಟ್ಟುವಂತಿಲ್ಲ. ಅದು ನಂಬಿಕೆಯೋ, ಶುಚಿ ಇರಲಿ ಎಂದು ಹಿರಿಯರು ಮಾಡಿದ ಉಪಾಯವೋ ನನಗೆ ತಿಳಿಯದು. ಎಲ್ಲದರಲ್ಲೂ ಚೌಕಾಸಿ ಮಾಡುವ ನಾನು ಇದರಲ್ಲಿ ಮಾಡಿಲ್ಲ. ಅಕ್ಕನ ಹತ್ತಿರ ಅದು ನಡೆಯುವುದೂ ಇಲ್ಲ.

ಆ ದಿನ ಬೆಳಿಗ್ಗೆ ಹುಳ ಒಟ್ಟಿಗೇ ಹಣ್ಣಾಗಿತ್ತು. ಅಕ್ಕ ಎರಡು ಕೈಯಲ್ಲೂ ಹುಳ ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಅವ್ನಿಗೊಂದು ಫೋನ್ ಮಾಡೋ. ಹಣ್ಣಾದ ದಿನ ಹೇಳ್ಬೇಕು ಅಂದಿದ್ದ" ಎಂದಳು. ನಾನು ಅಂಗಳಕ್ಕೆ ಬಂದು, ಸಾಲಾಗಿ ನಿಲ್ಲಿಸಿದ್ದ ಚಂದ್ರಿಕೆಗಳ ನೆರಳಲ್ಲಿ ನಿಂತು ಫೋನು ಮಾಡಿದೆ. ಎತ್ತಿದ್ದು ಅವನಲ್ಲ. ಅವನ ಗೆಳೆಯ. ಗಾಳಿಯ ಸದ್ದು ಜೋರಾಗಿತ್ತು.

"ಅವ್ನಿಗೆ ಕೊಡಪ್ಪ" ಎಂದೆ.

"ವಾಡಾ? ವಾಡು ಪೈಕಿ ಪೋಯಿನಾಡನ್ನಾ. ನಿನ್ನ ಪೊದ್ದುನ್ನೇ..."

ಅಲ್ಲಿಗೆ ಕಟ್ಟಾಯಿತು. ಅವನು ಮೇಲಕ್ಕೆ ಹೋದ, ನಿನ್ನೆ ಬೆಳಿಗ್ಗೆಯೇ. ಮತ್ತೆ ಮಾಡಿದೆ, ಇನ್ನೊಮ್ಮೆ ಮಾಡಿದೆ. ಸಂಪರ್ಕ ಸಿಗುತ್ತಿಲ್ಲ ಎಂದು ಒಬ್ಬ ಹೆಣ್ಣುಮಗಳು ಹಿಂದಿಯಲ್ಲಿ ಹೇಳಿದಳು.

ನಮ್ಮಲ್ಲಿ ಮಹಡಿ ಹತ್ತಿದವನನ್ನು ಮಹಡಿಗೆ ಹೋದ ಎನ್ನುತ್ತೇವೆ, ಬೆಟ್ಟ ಹತ್ತಿದವನನ್ನು ಬೆಟ್ಟಕ್ಕೆ ಹೋದ ಎನ್ನುತ್ತೇವೆ. ಎಲ್ಲಿಗೆ ಎಂದು ಹೇಳದೆ ಬರೀ ಮೇಲಕ್ಕೆ ಹೋದ ಎಂದರೆ ಕನ್ನಡದಲ್ಲೂ ಅಷ್ಟೆ, ತೆಲುಗಿನಲ್ಲೂ ಅಷ್ಟೆ, ಅರ್ಥ ಒಂದೇ. ಅದರ ಮೇಲೆ ಅವನ ಫೋನು ಇನ್ನೊಬ್ಬನ ಕೈಯಲ್ಲಿತ್ತು. ಫೋನನ್ನು ಆಫೀಸಿನಲ್ಲಿ ಜಮಾ ಮಾಡಿ ಹೋಗುತ್ತೇವೆ, ಯಾರ ಕೈಗೂ ಕೊಡುವುದಿಲ್ಲ ಎಂದು ಅವನೇ ಹೇಳಿದ್ದ.

ಚಂದ್ರಿಕೆಯ ಬಿದಿರನ್ನು ಹಿಡಿದು ನಿಂತಿದ್ದೆ. ಏನೋ ಆಗುತ್ತದೆ, ಕೈಕಾಲು ನಡುಗುತ್ತದೆ, ಎದೆ ಹಿಡಿಯುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ತಲೆಯೊಳಗೆ ವ್ಯಾಪಾರದ ಬುದ್ಧಿ ಒಂದೇ ಎಚ್ಚರವಾಗಿತ್ತು. ಮಾಲು ಕೈಗೆ ಬರುವ ಮುಂಚೆ ರೇಟು ಹೇಳಬಾರದು, ಅದು ಮೊದಲನೆಯದು. ಇಂಥ ಸುದ್ದಿ ನಿಜವಾದರೆ ಸರ್ಕಾರದವರು ಮನೆಗೆ ಬಂದೇ ಹೇಳುತ್ತಾರೆ, ಅಲ್ಲಿಯವರೆಗೆ ಇದು ಅರ್ಧ ಕಟ್ಟಾದ ಫೋನು ಅಷ್ಟೆ. ಎರಡನೆಯದು, ನಾನು ಬಾಯಿಬಿಟ್ಟರೆ ಅಕ್ಕ ಭಾವ ಇಬ್ಬರೂ ಹುಳುಮನೆಯಿಂದ ಆಚೆ ಬರಬೇಕು. ಅವರ ಹಿಂದೆ ಮುಯ್ಯಾಳುಗಳೂ ಎದ್ದು ಬರುತ್ತಾರೆ. ಹಣ್ಣುಹುಳ ಯಾರ ದುಃಖಕ್ಕೂ ಕಾಯುವುದಿಲ್ಲ. ಸಂಜೆಗೆ ಹೇಳಿದರೂ ಸುದ್ದಿ ಅದೇ ಸುದ್ದಿ.

ಕೈ ತೊಳೆದು ಒಳಗೆ ಹೋದೆ.

"ಏನಂದ?" ಎಂದಳು ಅಕ್ಕ.

"ಡ್ಯೂಟಿ ಮೇಲಿದಾನಂತೆ. ಆಮೇಲೆ ಮಾಡ್ತಾನಂತೆ."

ಮೇಲೆ ಎಂಬ ಮಾತು ನನ್ನ ಬಾಯಿಂದಲೇ ಬಂತು. ಅವಳು "ಸರಿ, ಆ ಕಡೆ ತಟ್ಟೆ ನೋಡ್ಕೋ" ಎಂದು ಹುಳದ ಕಡೆ ತಿರುಗಿದಳು.

ಹುಳ ಆಯುತ್ತಾ ಕೂತೆ. ರೇಷ್ಮೆ ಹುಳ ತಣ್ಣಗಿರುತ್ತದೆ. ಅಂಗೈ ತುಂಬ ಹಿಡಿದರೆ ಸ್ವಲ್ಪ ಹೊತ್ತಿಗೆ ಬೆರಳು ಯಾವುದು, ಹುಳ ಯಾವುದು ತಿಳಿಯುವುದಿಲ್ಲ. ಇಟ್ಟಿಗೆ ಫೋನನ್ನು ನೆನೆದೆ. ಗೆರೆ ಐದಾರು ಮಾರು ಆಚೆ ಬಿದ್ದಿರಬಹುದೇ, ಮೂಗಿನಿಂದ ಒತ್ತಿದ್ದು ಸರಿಯಾಗಿ ತಾಗದೇ ಹೋಗಿರಬಹುದೇ, ಬ್ಯಾಟರಿ ನಿಂತಿರಬಹುದೇ. ಐಸ್‌ಕ್ರೀಮ್ ಡಬ್ಬದಲ್ಲಿ ಅದು ಮಧ್ಯಾಹ್ನದವರೆಗೆ ನಿಂತಿತ್ತಲ್ಲ ಎಂದು ನನಗೆ ನಾನೇ ಗಿರಾಕಿಗೆ ಹೇಳುವ ಹಾಗೆ ಹೇಳಿಕೊಂಡೆ. ಹುಡುಗನ ಮುಖ ನೆನಪು ಮಾಡಿಕೊಳ್ಳಲು ನೋಡಿದರೆ ಟವೆಲು ಮಾತ್ರ ಬರುತ್ತಿತ್ತು.

ಎದುರಿನ ಸಾಲಿನಿಂದ ದೊಡ್ಡಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. "ಏನಪ್ಪಾ ಅಂಗಡಿ ಸಾವ್ಕಾರ, ಫೋನಿನ ಬಟನ್ ಒತ್ತಿದಂಗೆ ಒತ್ಬೇಡ. ಅದು ಹುಳ. ಪಿಚಕ್ ಅಂತದೆ."

"ಅವ್ನು ಹುಳದ ಹತ್ರಾನೂ ರೇಟು ಕೇಳ್ತಾವ್ನೆ ಬಿಡು ದೊಡ್ಡಮ್ಮ" ಎಂದ ಭಾವ. ಅವನು ಮಾತಾಡುವುದೇ ಅಪರೂಪ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಬಾಯಿಂದ ಆಚೆ ಹೋಗಿದ್ದು ಕೇಳಿಸಿತು.

ಊಟಕ್ಕೆ ಮುದ್ದೆ, ಅವರೆಕಾಳು ಸಾರು. ನಾನು ಸರಿಯಾಗಿ ಉಂಡೆ. ಸಾರು ಎರಡನೇ ಸಲ ಹಾಕಿಸಿಕೊಂಡೆ. ಉಪ್ಪು ಹಿಡಿದಿಲ್ಲ ಎಂದು ಯಾರೋ ಅಂದರು, ನನಗೆ ಗೊತ್ತಾಗಲಿಲ್ಲ. ಅಕ್ಕ ನನ್ನ ಎದುರಿಗೆ ಕೂತು, ಈ ಸಲ ಗೂಡು ಚೆನ್ನಾಗಿ ಬಂದರೆ ಮಗನ ಮದುವೆ ಮಾತು ಎತ್ತಬೇಕು ಎಂದಳು. ಚಿಂತಾಮಣಿ ಕಡೆಯ ಒಂದು ಹೆಣ್ಣಿನ ವಿಷಯ ಹೇಳಿದಳು. "ಹೆಣ್ಣಿನ ಕಡೇವ್ರ ಹತ್ರ ನೀನೇ ಮಾತಾಡ್ಬೇಕು, ನಿನ್ ಭಾವಂಗೆ ಆಗಲ್ಲ." ಆಗಲಿ ಎಂದೆ. ಮಾತುಕತೆಗೆ ಹೋಗುವಾಗ ಗಂಡಿನ ಕಡೆಯವರು ಅವಸರ ತೋರಿಸಬಾರದು ಎಂದು ಬುದ್ಧಿಯನ್ನೂ ಹೇಳಿದೆ. ಆ ಬುದ್ಧಿಮಾತು ಈಗಲೂ ಸರಿಯೇ.

ಮಧ್ಯಾಹ್ನದ ಮೇಲೆ ಊರಿನ ತಿರುವಿನಲ್ಲಿ ಬಿಳಿಯ ಗಾಡಿಯೊಂದು ಇಳಿದು ಬಂತು. ನಾನು ಎದ್ದು ನಿಂತೆ. ಗಾಡಿ ನಮ್ಮ ಮನೆಯ ಮುಂದೆಯೇ ನಿಂತಿತು. ಇಳಿದವನು ಬಾಡಿಗೆಗೆ ಚಂದ್ರಿಕೆ ಕೊಡುವವನು, ಕಡಿಮೆ ಬಿದ್ದಿದ್ದ ತಟ್ಟಿಗಳನ್ನು ತಂದಿದ್ದ. ಅವನ ಜೊತೆ ಸೇರಿ ಇಳಿಸಿದೆ. ಒಂದು ತಟ್ಟಿಯ ಮೂಲೆ ಮುರಿದಿದೆ ಎಂದು ಅವನ ಹತ್ತಿರ ಜಗಳವನ್ನೂ ಆಡಿದೆ.

ಬಿಸಿಲು ಇಳಿಯುವ ಹೊತ್ತಿಗೆ ಹುಳವೆಲ್ಲ ಚಂದ್ರಿಕೆ ಸೇರಿತ್ತು. ಹೆಂಗಸರು ಕೈ ತೊಳೆಯುತ್ತಿದ್ದರು. ಇನ್ನು ಹೇಳಬೇಕು. ಮೊದಲು ಭಾವನಿಗೋ ಅಕ್ಕನಿಗೋ, ನಿಲ್ಲಿಸಿ ಹೇಳುವುದೋ ಕೂರಿಸಿ ಹೇಳುವುದೋ ಎಂದು ಲೆಕ್ಕ ಹಾಕುತ್ತಿದ್ದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹುಡುಗನ ನಂಬರು. ಎತ್ತಿದೆ. ಮತ್ತೆ ಆ ಗೆಳೆಯನ ದನಿ.

"ಅಣ್ಣಾ, ಬೆಳಿಗ್ಗೆ ಸಿಗ್ನಲ್ ಪೋಯಿಂದಿ. ರೀಚಾರ್ಜ್ ಮುಗ್ದೈತೆ, ಮಾಡ್ಸು ಅಂತ ಫೋನು ನನ್ ಕೈಗೆ ಕೊಟ್ಟು ಹೋದ, ಈಗ ಮಾಡ್ಸ್ದೆ. ಅಮ್ಮಂಗೆ ಏನಾದ್ರೂ ಹೇಳ್ಬೇಕಿತ್ತಾ?"

"ಯಾರು ಕೊಟ್ಟಿದ್ದು?"

"ವಾಡೇ ಅಣ್ಣಾ, ನಿಮ್ಮೋನು. ಪೈಕಿ ಹೋಗೋ ಮುಂಚೆ."

"ಪೈಕಿ ಅಂದ್ರೆ ಎಲ್ಲಿಗೆ?"

"ಪೋಸ್ಟ್‌ಗೆ ಅಣ್ಣಾ. ನಾವಿರೋದು ಕೆಳಗೆ, ಪೋಸ್ಟ್ ಇರೋದು ಪೈನ."

"ಈಗ ಹೆಂಗವ್ನೆ?"

"ಹೆಂಗವ್ನೆ ಅಂದ್ರೆ? ಬಾಗುನ್ನಾಡು, ಚೆನ್ನಾಗವ್ನೆ. ಮುಟ್ಟಿದ್ವಿ ಅಂತ ವೈರ್‌ಲೆಸ್‌ನಲ್ಲಿ ಹೇಳವ್ರೆ. ದಾರೀಲಿ ಮಂಜು ಮುಚ್ಕೊಂಡು ಏನೂ ಕಾಣ್ಲಿಲ್ವಂತೆ, ನಿಮ್ ಫೋನು ನೋಡ್ಕೊಂಡೇ ಹೋದ್ರಂತೆ. ಅಣ್ಣಾ, ಅಂಥದ್ದು ನಾಕೂ ಒಕಟಿ ಕಾವಾಲ, ನಂಗೂ ಒಂದು ಬೇಕು. ಎಷ್ಟಾಯ್ತದೆ?"

ನಾನು ರೇಟು ಹೇಳಿದೆ. ಅವನು ಇಳಿಸಿ ಎಂದ. ಇಳಿಸಿದೆ. ಅವನು ಇನ್ನೊಮ್ಮೆ ಕೇಳುವ ಮುಂಚೆಯೇ ಇನ್ನೊಂದಷ್ಟು ಇಳಿಸಿದೆ. ಬ್ಯಾಟರಿ ಹೊಸದು ಹಾಕಿಸಿಕೊಡುತ್ತೇನೆ ಎಂದೂ ಹೇಳಿ ಇಟ್ಟೆ. ಅಂಗಳದಲ್ಲಿ ಚಂದ್ರಿಕೆಗಳ ಮೇಲೆ ಹುಳಗಳು ತಲೆ ಆಡಿಸುತ್ತಿದ್ದವು. ಬೆಳಿಗ್ಗೆ ಬರದೇ ಇದ್ದದ್ದು ಈಗ ಬರಬಹುದು, ಅಳುವೋ ನಗುವೋ ಒಂದು ಬರಬಹುದು ಎಂದುಕೊಂಡೆ. ಬಾಯಾರಿಕೆ ಆಯಿತು, ಅಷ್ಟೆ.

ಇದನ್ನು ಅಕ್ಕನಿಗೆ ತಮಾಷೆಯ ಹಾಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಒಲೆಯ ಮುಂದೆ ಕೂತು ಕೇಳಿಸಿಕೊಂಡಳು. ಕೇಳುತ್ತಾ ಕೇಳುತ್ತಾ ಅವಳ ಕೈ ನಿಂತಿತು.

"ಅಂಗಾದ್ರೆ ಊಟಕ್ಕೆ ಕೂತಾಗ ನಿನ್ ಲೆಕ್ಕದಲ್ಲಿ ನನ್ ಮಗ ಇರ್ಲಿಲ್ಲ."

"ಅಕ್ಕಾ, ಹುಳ ಹಣ್ಣಾಗಿತ್ತಲ್ಲ..."

"ಹುಳದ ಮನೆ ಹಾಳಾಗ. ಮದ್ವೆ ಮಾತಾಡ್ದೆ ನಿನ್ ಹತ್ರ. ಆಗ್ಲಿ ಅಂದ್ಯಲ್ಲೋ."

ಅವಳು ಸೌದೆಯನ್ನು ಒಲೆಯೊಳಗೆ ತಳ್ಳಿದಳು.

"ನನ್ನ ಒಂದ್ ಮಾತು ಕೇಳ್ಬಾರ್ದಿತ್ತೇನೋ? ಅವ್ನು ಪೋಸ್ಟಿಗೆ ಹೋಗೋದಕ್ಕೆ ಮೇಲೆ ಹೋಗ್ತೀನಿ ಅಂತಾನೇ ಅನ್ನೋದು. ಅಮ್ಮಾ, ನಾಳೆ ಮೇಲೆ ಹೋಗ್ತೀನಿ, ಅಮ್ಮಾ, ಇವತ್ತು ಕೆಳಗೆ ಬಂದೆ. ಪ್ರತಿ ಸಲ ಅದೇ. ಮೊದಮೊದ್ಲು ನಂಗೂ ಎದೆ ಧಸಕ್ ಅನ್ನೋದು. ಅಂಗನ್ಬೇಡ ಕಣೋ ಅಂದ್ರೆ ನಗ್ತಾನೆ. ನೀನು ಬಾಯಿಬಿಟ್ಟಿದ್ರೆ ಅಲ್ಲೇ ಮುಗೀತಿತ್ತು."

ಭಾವ ಬಾಗಿಲಲ್ಲಿ ಬೀಡಿ ಹಚ್ಚುತ್ತಾ ಕೂತಿದ್ದ. "ದೊಡ್ಡ ವ್ಯಾಪಾರಸ್ತ" ಎಂದ.

ನಾನು ಮಾಡಿದ್ದು ತಪ್ಪೆಂದು ಈಗಲೂ ಒಪ್ಪುವುದಿಲ್ಲ. ಆ ಮಾತು ನಿಜವಾಗಿದ್ದಿದ್ದರೆ ಹುಳ ಉಳಿಸಿದವನು ನಾನೇ ಆಗುತ್ತಿದ್ದೆ, ಆ ಮನೆಗೆ ಆಗ ಬೆಳೆ ಇನ್ನೂ ಹೆಚ್ಚು ಬೇಕಾಗುತ್ತಿತ್ತು. ಆದರೆ ಓದುವವರಿಗೆ ಒಂದು ಮಾತು ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಸೈನ್ಯಕ್ಕೆ ಹೋದವರಿದ್ದರೆ ಅವರು ಯಾವುದಕ್ಕೆ ಏನನ್ನುತ್ತಾರೆ ಎಂದು ಎಲ್ಲರೂ ಕೂತು ಮೊದಲೇ ಕೇಳಿಕೊಳ್ಳಿ. ಅವರ ಮೇಲೆ, ಕೆಳಗೆ, ಒಳಗೆ, ಆಚೆ ಎನ್ನುವ ಮಾತು ಯಾವುದೂ ನಮ್ಮದಲ್ಲ.

ಅಕ್ಕ ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ ನನ್ನ ಮೂಲಕ ಫೋನು ಮಾಡಿಸುವುದನ್ನು ಬಿಟ್ಟಳು. ಗೂಡು ಬಿಡಿಸುವ ದಿನ ನಾನು ಹೋದಾಗ ಅವಳೇ ಮಗನ ನಂಬರು ಒತ್ತಿ, ಎತ್ತಿದ ಗೆಳೆಯನಿಗೆ ಪಾಠ ಹೇಳುತ್ತಿದ್ದಳು.

"ನೋಡಪ್ಪಾ, ಇನ್ನು ಪೈಕಿ ಗಿಯ್ಕಿ ಅನ್ಕೂಡ್ದು. ಕೊಂಡಕಿ ಅನ್ನು. ಬೆಟ್ಟ, ಕೊಂಡ. ತಿಳೀತಾ?"

ಆ ಕಡೆಯಿಂದ ಅವನು, ಕೊಂಡಕಿ ಪೋಯಿನಾಡು ಎಂದಿರಬೇಕು.

"ಪೋಯಿನಾಡು ಅಲ್ವೋ. ಹೋಗವ್ನೆ ಅಂತ ಅನ್ಬಾರ್ದು. ಪೋಯಿ ವಸ್ತಾಡು ಅನ್ನು. ಹೋಗಿ ಬರ್ತಾನೆ. ಎಲ್ಲೀ, ಇನ್ನೊಂದ್ ಸಲ ಅನ್ನು."

ಅವನು ಇನ್ನೊಂದು ಸಲ ಅಂದ. ಅವಳು ತಲೆಯಾಡಿಸಿ, ಊಟ ಮಾಡಿದ್ಯೇನಪ್ಪಾ ಎಂದು ಕೇಳಿದಳು.

ಹುಡುಗ ಕೆಳಗೆ ಬಂದ ಮೇಲೆ ನನಗೂ ಫೋನು ಮಾಡಿದ. ಅವನ ದನಿ ಕೇಳಿದ ತಕ್ಷಣ ನಾನು ಅಂದದ್ದು, "ಬ್ಯಾಟರಿ ಎಷ್ಟೊತ್ತು ನಿಂತಿತ್ತೋ?" ಎಂದು. ಹೊಟ್ಟೆಗೆ ಕಟ್ಟಿಕೊಂಡಿದ್ದೆ, ಚೆನ್ನಾಗಿ ನಿಂತಿತು ಎಂದ. ಮಂಜಿನ ದಿನ ಏನಾಯಿತು ಎಂದು ಕೇಳಿದೆ. "ಗೆರೆ ಇತ್ತಲ್ಲ ಮಾವ, ನಡೆದ್ವಿ" ಎಂದ. ಇನ್ನೂ ಏನೋ ಹೇಳಲು ಹೊರಟು ನಿಲ್ಲಿಸಿದ. ಅವನಿಗೆ ಹೇಳುವಂತಿಲ್ಲ, ನನಗೂ ಕೇಳಬೇಕೆನಿಸಲಿಲ್ಲ. ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದೆ.

ಮೊನ್ನೆ ಅವನಿಗೆ ಫೋನು ಮಾಡಿದಾಗ ಮತ್ತೆ ಎತ್ತಿದ್ದು ಆ ಗೆಳೆಯ, ಈಗೀಗ ಮೇಲೆ ಹೋಗುವಾಗ ಫೋನನ್ನು ಅವನ ಕೈಗೇ ಕೊಟ್ಟು ಹೋಗುತ್ತಾನೆ. ನಾನು ಹಲೋ ಎನ್ನುವ ಮುಂಚೆಯೇ, "ಬಾಗುನ್ನಾಡನ್ನಾ, ಕೊಂಡಕಿ ಪೋಯಿ ವಸ್ತಾಡು" ಎಂದು ಶಾಲೆಯ ಮಗ್ಗಿಯ ಹಾಗೆ ಒಪ್ಪಿಸಿದ.

"ಯಾವಾಗ ಬರ್ತಾನೆ?"

"ಮಂಜು ಬಿಟ್ ಮೇಲೆ ಅಣ್ಣಾ."

ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದ, ಕೈಯಲ್ಲಿ ಹಣ ಹಿಡಿದೇ ನಿಂತಿದ್ದ. ಅಂಥ ಗಿರಾಕಿಯನ್ನು ಕಾಯಿಸಬಾರದು. ಕಾಯಿಸಿದೆ. ಅಕ್ಕನ ನಂಬರಿಗೆ ಫೋನು ಮಾಡಿ, ಅವನು ಹೇಳಿದ್ದನ್ನು ಅವನು ಹೇಳಿದ ಹಾಗೆಯೇ, ತೆಲುಗಿನಲ್ಲೇ ಹೇಳಿದೆ.